ಕಲ್ಲಿದ್ದಲಿನ ಅಂಗಳದಲ್ಲಿ ಹೊಸ ಪೇಟೆ: ಲಂಡನ್ನಿನ ಕಿಂಗ್ಸ್ ಕ್ರಾಸ್ ಕುರಿತ ಅಧ್ಯಯನ ಟಿಪ್ಪಣಿ

ನಗರ ಯೋಜನೆಯ ಪಾಠದಲ್ಲಿ ‘ಮಿಶ್ರ ಬಳಕೆ’ ಎಂಬ ಮಾತು ಬಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ಬೆಂಗಳೂರಿನ ಚಿಕ್ಕಪೇಟೆಯಂಥ ಬೀದಿ ನೆನಪಾಗುತ್ತದೆ: ಕೆಳಗೆ ಅಂಗಡಿ, ಮೇಲೆ ಮನೆ, ಪಕ್ಕದಲ್ಲೇ ಗುಡಿ ಮತ್ತು ಗೋದಾಮು. ಅಂಥ ಪೇಟೆ ತಲೆಮಾರುಗಳ ಕಾಲ ತಾನಾಗಿ ಬೆಳೆದದ್ದು. ನಗರದ ನಡುವೆ ಪಾಳುಬಿದ್ದ ನೆಲದಲ್ಲಿ ಅದನ್ನೇ ಇಪ್ಪತ್ತು ವರ್ಷಗಳಲ್ಲಿ ಯೋಜಿಸಿ ಕಟ್ಟಲು ಹೊರಟಾಗ, ಯಾವ ಯಾವ ಬಳಕೆಗಳನ್ನು ಸೇರಿಸಬೇಕು ಎಂಬುದಕ್ಕಿಂತ ಯಾವುದು ಮೊದಲು ಬರಬೇಕು, ಯಾವುದನ್ನು ಈಗಲೇ ಗೊತ್ತುಮಾಡಬೇಕು, ಯಾವುದನ್ನು ಮುಂದಕ್ಕೆ ಬಿಡಬೇಕು ಎಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ. ಕಿಂಗ್ಸ್ ಕ್ರಾಸ್ ಪ್ರಕರಣವನ್ನು ಈ ಪ್ರಶ್ನೆಯನ್ನಿಟ್ಟುಕೊಂಡು ಓದಬೇಕೆಂಬುದು ನನ್ನ ಅಭಿಪ್ರಾಯ.

ಇಲ್ಲಿ ಚರ್ಚಿಸುತ್ತಿರುವುದು ಕಿಂಗ್ಸ್ ಕ್ರಾಸ್ ಮತ್ತು ಸೇಂಟ್ ಪ್ಯಾಂಕ್ರಸ್ ನಿಲ್ದಾಣಗಳ ಹಿಂದಿರುವ ಸುಮಾರು 67 ಎಕರೆ ರೈಲ್ವೆ ಜಮೀನು. ಇದರ ನಡುವೆ ರೀಜೆಂಟ್ಸ್ ಕಾಲುವೆ ಹರಿಯುತ್ತದೆ. 1852ರಲ್ಲಿ ಕಿಂಗ್ಸ್ ಕ್ರಾಸ್ ನಿಲ್ದಾಣ ತೆರೆದಾಗ, ಅದನ್ನು ವಿನ್ಯಾಸ ಮಾಡಿದ ಲೂಯಿಸ್ ಕ್ಯುಬಿಟ್ ಅವರೇ ಕಾಲುವೆಯ ದಡದಲ್ಲಿ ಆರು ಅಂತಸ್ತಿನ ಒಂದು ದೊಡ್ಡ ಕಣಜವನ್ನೂ ಕಟ್ಟಿಸಿದರು. ಲಿಂಕನ್‌ಶೈರ್‌ನ ಗೋಧಿ ರೈಲಿನಲ್ಲಿ ಬಂದು ಇಲ್ಲಿ ಶೇಖರವಾಗುತ್ತಿತ್ತು. ಸರಕು ತುಂಬಿಕೊಳ್ಳುವ ದೋಣಿಗಳು ಕಟ್ಟಡದ ಅಡಿಯವರೆಗೂ ಬರುತ್ತಿದ್ದವು. ಪಕ್ಕದ ಕಲ್ಲಿದ್ದಲು ಅಂಗಳದಲ್ಲಿ ವ್ಯಾಗನ್‌ಗಳು ಮೇಲಿನ ಹಳಿಯ ಮೇಲೆ ಬಂದು ನಿಲ್ಲುತ್ತಿದ್ದವು. ಅಲ್ಲಿಂದ ಕಲ್ಲಿದ್ದಲನ್ನು ಕೆಳಗಿನ ಅಂಕಣಗಳಿಗೆ ಸುರಿದು, ಚೀಲಕ್ಕೆ ತುಂಬಿ ಗಾಡಿಗೆ ಏರಿಸುತ್ತಿದ್ದರು. ಅದರಾಚೆ ಅನಿಲ ತುಂಬಿಡುವ ಬೃಹತ್ ಕಬ್ಬಿಣದ ಚೌಕಟ್ಟುಗಳಿದ್ದವು.

ಎರಡನೇ ಮಹಾಯುದ್ಧದ ನಂತರ ಸರಕು ಸಾಗಣೆ ರಸ್ತೆಗೆ ಹೋಯಿತು, ಮನೆಗಳು ಕಲ್ಲಿದ್ದಲನ್ನು ಬಿಟ್ಟವು, ಈ ಅಂಗಳಗಳಿಗೆ ಕೆಲಸವಿಲ್ಲದಂತಾಯಿತು. 1980ರ ದಶಕದ ಹೊತ್ತಿಗೆ ನಿಲ್ದಾಣದ ಸುತ್ತಮುತ್ತಲಿನ ಬೀದಿಗಳಿಗೆ ಮಾದಕವಸ್ತು ಮತ್ತು ವೇಶ್ಯಾವೃತ್ತಿಯ ಕೆಟ್ಟ ಹೆಸರು ಅಂಟಿಕೊಂಡಿತ್ತು. ಆದರೆ ‘ನಿರ್ಲಕ್ಷಿತ’ ಎಂದರೆ ‘ಖಾಲಿ’ ಎಂದಲ್ಲ ಎಂಬುದನ್ನು ಗಮನಿಸಬೇಕು. ಅಗ್ಗದ ಬಾಡಿಗೆಯನ್ನು ನಂಬಿಕೊಂಡ ಕಾರ್ಯಾಗಾರಗಳು, ಕಲಾವಿದರು ಮತ್ತು ಹಳೆಯ ಕಲ್ಲಿದ್ದಲು ಕಟ್ಟಡಗಳಲ್ಲಿ ನಡೆಯುತ್ತಿದ್ದ ನೈಟ್‌ಕ್ಲಬ್‌ಗಳು ಅಲ್ಲಿದ್ದವು. ಸುತ್ತಲೂ ದುಡಿಯುವ ಜನರ ವಸತಿಯಿತ್ತು. ಪಕ್ಕದ ಇನ್ನೊಂದು ಕಲ್ಲಿದ್ದಲು ಅಂಗಳದಲ್ಲಿ ತಾನಾಗಿ ಬೆಳೆದಿದ್ದ ಗಿಡಗಂಟಿಯನ್ನು ಉಳಿಸಿಕೊಳ್ಳಲು ಸ್ಥಳೀಯರು ಹೋರಾಡಿದ್ದರಿಂದ 1985ರಲ್ಲಿ ಕ್ಯಾಮ್ಲಿ ಸ್ಟ್ರೀಟ್ ನಿಸರ್ಗ ಉದ್ಯಾನ ತೆರೆಯಿತು. ಈ ಪ್ರದೇಶದ ಪುನರುಜ್ಜೀವನದ ಮೊದಲ ಹೆಜ್ಜೆ ಇದೇ ಎಂದು ನಾನು ಭಾವಿಸುತ್ತೇನೆ.

1980ರ ದಶಕದ ಕೊನೆಯಲ್ಲಿ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ವಿನ್ಯಾಸದಲ್ಲಿ ಮುಖ್ಯವಾಗಿ ಕಚೇರಿಗಳನ್ನು ನೆಚ್ಚಿಕೊಂಡ ಬೃಹತ್ ಯೋಜನೆಯೊಂದು ಬಂದು, ಆಸ್ತಿ ಮಾರುಕಟ್ಟೆ ಕುಸಿದಾಗ ಬಿದ್ದುಹೋಯಿತು. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಸಮುದ್ರದಡಿಯಲ್ಲಿರುವ ಚಾನಲ್ ಸುರಂಗದ ವೇಗದ ರೈಲು ಸೇಂಟ್ ಪ್ಯಾಂಕ್ರಸ್‌ಗೇ ಬರಬೇಕೆಂದು 1996ರಲ್ಲಿ ನಿರ್ಧಾರವಾದ ಮೇಲೆ ಜಮೀನಿಗೆ ಮತ್ತೆ ಬೆಲೆ ಬಂತು. 2000ದಲ್ಲಿ ಆರ್ಜೆಂಟ್ ಎಂಬ ಸಂಸ್ಥೆ ಅಭಿವೃದ್ಧಿದಾರನಾಗಿ ಆಯ್ಕೆಯಾಯಿತು; ದೀರ್ಘ ಸಮಾಲೋಚನೆಯ ಬಳಿಕ 2006ರಲ್ಲಿ ಕ್ಯಾಮ್ಡೆನ್ ಸ್ಥಳೀಯಾಡಳಿತದ ಅನುಮತಿ ದೊರೆಯಿತು.

ಈ ಅನುಮತಿಯ ಸ್ವರೂಪವನ್ನು ನಿಧಾನವಾಗಿ ಓದಬೇಕು, ಏಕೆಂದರೆ ನನ್ನ ತಿಳಿವಳಿಕೆಯಲ್ಲಿ ಯೋಜನೆಯ ಜೀವಾಳ ಇರುವುದು ಇಲ್ಲಿಯೇ. ಸಾಮಾನ್ಯ ಅನುಮತಿಯಲ್ಲಿ ಪ್ರತಿಯೊಂದು ಕಟ್ಟಡದ ಎತ್ತರ, ಬಳಕೆ, ಹೊರರೂಪ ಎಲ್ಲವೂ ಮೊದಲೇ ಗೊತ್ತಾಗಿರುತ್ತವೆ. ಇಲ್ಲಿ ಹಾಗೆ ಮಾಡಲಿಲ್ಲ. ಬೀದಿಗಳು, ಚೌಕಗಳು ಮತ್ತು ಉಳಿಸಿಕೊಳ್ಳಬೇಕಾದ ಹಳೆಯ ಕಟ್ಟಡಗಳನ್ನು ಖಚಿತಪಡಿಸಲಾಯಿತು. ಒಟ್ಟು ವಿಸ್ತೀರ್ಣಕ್ಕೆ ಮತ್ತು ಕಚೇರಿ, ಮನೆ, ಅಂಗಡಿಗಳಂಥ ಪ್ರತಿ ಬಳಕೆಗೂ ಮೇಲ್ಮಿತಿಯನ್ನು ಹಾಕಲಾಯಿತು. ಆ ಮಿತಿಯೊಳಗೆ ಯಾವ ನಿವೇಶನದಲ್ಲಿ ಯಾವಾಗ ಏನು ಕಟ್ಟಬೇಕೆಂಬುದನ್ನು ಕಾಲಕ್ಕೆ ಬಿಡಲಾಯಿತು. ಶಾಲೆ, ಕೈಗೆಟುಕುವ ದರದ ಮನೆ, ಸ್ಥಳೀಯರಿಗೆ ಕಟ್ಟಡ ಕೆಲಸದ ತರಬೇತಿ ಮುಂತಾದ ಬಾಧ್ಯತೆಗಳು ಅನುಮತಿಗೆ ಲಗತ್ತಾದ ಕಾನೂನುಬದ್ಧ ಒಪ್ಪಂದದಲ್ಲಿ ಸೇರಿದವು. 2008ರ ಆರ್ಥಿಕ ಕುಸಿತ ಬಂದಾಗ ಈ ಸಡಿಲತೆ ಯೋಜನೆಯನ್ನು ಕಾಪಾಡಿತು. ಒಂದೇ ಬಳಕೆಯನ್ನು ನೆಚ್ಚಿದ್ದ ಹಿಂದಿನ ಯೋಜನೆಗೆ ಇಂಥ ಆಸರೆ ಇರಲಿಲ್ಲ.

ಕುಸಿತದ ಆ ದಿನಗಳಲ್ಲಿ ಮೊದಲು ಸಿದ್ಧವಾದದ್ದು ಕಣಜವೇ. ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಕಲಾ ಕಾಲೇಜು 2011ರಲ್ಲಿ ಅಲ್ಲಿಗೆ ಬಂತು. ಸುತ್ತ ಇನ್ನೂ ಕ್ರೇನ್‌ಗಳೇ ತುಂಬಿದ್ದಾಗ ಸಾವಿರಾರು ವಿದ್ಯಾರ್ಥಿಗಳು ದಿನವೂ ಕಾಲುವೆ ದಾಟಿ ಬರತೊಡಗಿದರು. ಅವರನ್ನು ನೆಚ್ಚಿ ಉಪಾಹಾರದಂಗಡಿಗಳು ಬಂದವು. ಮರುವರ್ಷ ಕಣಜದ ಮುಂದಿನ ಗ್ರ್ಯಾನರಿ ಸ್ಕ್ವೇರ್ ಜನರಿಗೆ ತೆರೆಯಿತು. ಹಿಂದೆ ದೋಣಿಗಳು ತಿರುಗುತ್ತಿದ್ದ ಕೊಳವನ್ನು ಎಂದೋ ಮುಚ್ಚಲಾಗಿತ್ತು. ಆ ಜಾಗದಲ್ಲಿ ಈಗ ನೆಲಹಾಸಿನಿಂದಲೇ 1,080 ಸಣ್ಣ ಕಾರಂಜಿಗಳು ಚಿಮ್ಮುತ್ತವೆ. ಕಟ್ಟೆಯಿಲ್ಲ, ಬೇಲಿಯಿಲ್ಲ. ಬೇಸಿಗೆಯಲ್ಲಿ ಮಕ್ಕಳು ನೀರಿನ ನಡುವೆ ಓಡುತ್ತಾರೆ, ಕಾಲುವೆಯ ಕಡೆಗೆ ಇಳಿಯುವ ಮೆಟ್ಟಿಲುಗಳ ಮೇಲೆ ದೊಡ್ಡವರು ಕುಳಿತಿರುತ್ತಾರೆ. ನೀರು ನಿಲ್ಲಿಸಿದರೆ ಅದೇ ನೆಲ ಸಂತೆಗೂ ಸಭೆಗೂ ಒದಗುತ್ತದೆ. ಲಾಭ ತರುವ ಕಟ್ಟಡಗಳಿಗಿಂತ ಮೊದಲು ಜನ ಬಂದು ಕೂರುವ ಜಾಗವನ್ನು ಮಾಡಿದ ಈ ಕ್ರಮವನ್ನು ನಾವು ಮುಖ್ಯವಾಗಿ ಕಲಿಯಬೇಕು.

ಕಟ್ಟುವವರೆಗೆ ಖಾಲಿ ಇದ್ದ ನಿವೇಶನಗಳನ್ನೂ ಬಳಸಿಕೊಳ್ಳಲಾಯಿತು. ಕಟ್ಟಡದ ಕಸ ತುಂಬುವ ಕಬ್ಬಿಣದ ತೊಟ್ಟಿಗಳಲ್ಲಿ ಮಣ್ಣು ತುಂಬಿ ಸ್ಥಳೀಯ ಮಕ್ಕಳೊಂದಿಗೆ ತರಕಾರಿ ಬೆಳೆದರು. ಕಾಮಗಾರಿ ಹತ್ತಿರ ಬಂದಾಗ ತೋಟವನ್ನೇ ಎತ್ತಿ ಬೇರೆಡೆ ಇಟ್ಟರು. 2015ರಲ್ಲಿ ಗಿಡಗಳೇ ನೀರನ್ನು ಶುದ್ಧಮಾಡುವ ತಾತ್ಕಾಲಿಕ ಈಜುಕೊಳವೂ ಇತ್ತು.

ಸುಸ್ಥಿರತೆಯ ಲೆಕ್ಕದಲ್ಲಿ ಹಳೆಯ ಕಟ್ಟಡಗಳ ಮರುಬಳಕೆಗೆ ಮೊದಲ ಸ್ಥಾನ ಸಲ್ಲಬೇಕು. ಇದ್ದ ಇಟ್ಟಿಗೆಯನ್ನು ಉಳಿಸಿಕೊಂಡಷ್ಟೂ ಹೊಸ ಇಟ್ಟಿಗೆ ಸುಡುವ ಇಂಧನ ಉಳಿಯುತ್ತದೆ. ಕಲ್ಲಿದ್ದಲು ಅಂಗಳ 2018ರಲ್ಲಿ ಅಂಗಡಿಗಳ ಬೀದಿಯಾಯಿತು. ಅನಿಲದ ಚೌಕಟ್ಟುಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಮತ್ತೆ ನಿಲ್ಲಿಸಿ ಮೂರರೊಳಗೆ ಮನೆಗಳನ್ನೂ ಒಂದರೊಳಗೆ ಉದ್ಯಾನವನ್ನೂ ಮಾಡಲಾಯಿತು. ಎರಡನೆಯದು, ಇಡೀ ಬಡಾವಣೆಗೆ ಒಂದೇ ಕೇಂದ್ರದಿಂದ ಕೊಳವೆಗಳ ಮೂಲಕ ಬಿಸಿನೀರು ಪೂರೈಸುವ ವ್ಯವಸ್ಥೆ. ಇದರಲ್ಲಿ ಮಿಶ್ರ ಬಳಕೆಗೂ ಇಂಧನಕ್ಕೂ ಇರುವ ನಂಟು ಸ್ಪಷ್ಟವಾಗುತ್ತದೆ: ಕಚೇರಿಗೆ ಹಗಲು ಶಾಖ ಬೇಕು, ಮನೆಗಳಿಗೆ ಬೆಳಿಗ್ಗೆ ಮತ್ತು ಸಂಜೆ ಬೇಕು, ಹೀಗಾಗಿ ಬೇಡಿಕೆ ದಿನವಿಡೀ ಹಂಚಿಹೋಗಿ ಯಂತ್ರಗಳು ಸಮವಾಗಿ ನಡೆಯುತ್ತವೆ. ಆದರೆ ಆ ಕೇಂದ್ರವನ್ನು ರೂಪಿಸಿದ್ದು ಅನಿಲ ಉರಿಸಿ ವಿದ್ಯುತ್ತನ್ನೂ ಶಾಖವನ್ನೂ ಒಟ್ಟಿಗೆ ಪಡೆಯಲೆಂದು. ಬ್ರಿಟನ್ನಿನ ವಿದ್ಯುತ್ತಿನ ದೊಡ್ಡ ಪಾಲು ಕಲ್ಲಿದ್ದಲಿನಿಂದ ಬರುತ್ತಿದ್ದಾಗ ಅದು ಒಳ್ಳೆಯ ಆಯ್ಕೆಯಾಗಿತ್ತು. ಗಾಳಿ ವಿದ್ಯುತ್ ಹೆಚ್ಚಿದಂತೆ ಆ ಅನುಕೂಲ ಕರಗಿತು. ಕೊಳವೆಗಳು ಮಾತ್ರ ಉಳಿಯುತ್ತವೆ, ಶಾಖದ ಮೂಲವನ್ನು ಬದಲಾಯಿಸಬಹುದು.

ಬದಲಾಯಿಸಲು ಕಷ್ಟವಾದದ್ದು ವಸತಿಯ ವಿಷಯ. ಸುಮಾರು 1,900 ಮನೆಗಳ ಯೋಜನೆಯಲ್ಲಿ ಕೈಗೆಟುಕುವ ದರದ ಮನೆಗಳ ಪಾಲನ್ನು ಮೂಲ ಒಪ್ಪಂದಕ್ಕಿಂತ ಮುಂದೆ ಕಡಿಮೆ ಮಾಡಲಾಯಿತು. ಬೀದಿಗಳು ಎಲ್ಲರಿಗೂ ತೆರೆದಿದ್ದರೂ ಅವುಗಳ ನಿರ್ವಹಣೆ ಖಾಸಗಿಯವರದು. ಅಲ್ಲಿನ ಕ್ಯಾಮೆರಾಗಳಲ್ಲಿ ಮುಖ ಗುರುತಿಸುವ ತಂತ್ರಜ್ಞಾನ ಬಳಸಿದ್ದು 2019ರಲ್ಲಿ ಬಯಲಾಗಿ ವಿವಾದವಾಯಿತು. ಕಚೇರಿ ಮತ್ತು ಮನೆಗಳ ನಡುವಿನ ಅನುಪಾತಕ್ಕೆ ಮಿತಿ ಬರೆದ ಹಾಗೆಯೇ, ಶ್ರೀಮಂತರ ಮನೆ ಮತ್ತು ದುಡಿಯುವವರ ಮನೆಗಳ ಅನುಪಾತವನ್ನೂ ಸಡಿಲಿಸಲಾಗದಂತೆ ಬರೆಯಬೇಕಿತ್ತು ಎಂದೇ ನಾನು ನಂಬುತ್ತೇನೆ. ಈ ಪ್ರಕರಣವನ್ನು ಪರೀಕ್ಷೆಯಲ್ಲಿ ವಿವರಿಸುವವರು ಕಾರಂಜಿಗಳ ಜೊತೆಗೆ ಈ ಕಡಿತವನ್ನೂ ತಪ್ಪದೆ ಬರೆಯಬೇಕು.