ಆರು ಮೆಟ್ಟಿಲಿಗೆ 36 ಅಡಿ: ಕ್ಯಾಂಪಸ್ ರ‍್ಯಾಂಪಿನ ಹಿಂದಿನ ಕಥೆ

ವಿಶ್ವವಿದ್ಯಾಲಯಗಳಲ್ಲಿ ವಿಕಲಚೇತನ ವಿದ್ಯಾರ್ಥಿಗಳ ಓಡಾಟದ ಮಾತು ಬಂದಾಗಲೆಲ್ಲ ಸಿಗುವ ಉತ್ತರ ಒಂದೇ: "ರ‍್ಯಾಂಪ್ ಇದೆಯಲ್ಲ!" ಇರುವುದು ನಿಜ. ಅದರ ಮೇಲೆ ಯಾರು ಓಡಾಡುತ್ತಾರೆಂದು ಅರ್ಧ ಗಂಟೆ ನಿಂತು ನೋಡಿದರೆ ಕಣ್ಣಿಗೆ ಬೀಳುವುದು ಬೈಕುಗಳು, ನೀರಿನ ಕ್ಯಾನ್ ಹೊತ್ತ ತಳ್ಳುಗಾಡಿ. ಎರಡು ಕಾಯ್ದೆ, ಹಲವು ಮಾರ್ಗಸೂಚಿ, ಸುಪ್ರೀಂ ಕೋರ್ಟ್ ತೀರ್ಪುಗಳು ಬಂದ ಮೇಲೂ ಯಾವುದು ಶಿಫಾರಸು, ಯಾವುದು ಕಡ್ಡಾಯ ಎಂಬ ಗೊಂದಲ ಉಳಿದಿದೆ. ಒಂದು ಲೆಕ್ಕದಲ್ಲಿ ಇದು 'ಮಾಡಬಹುದು' ಮತ್ತು 'ಮಾಡಲೇಬೇಕು' ಎಂಬೆರಡು ಪದಗಳ ಜಗ್ಗಾಟ.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದ ಮೇಲೆ ಸುಮಾರು ಎಂಬತ್ತು ವರ್ಷ ಈ ಪ್ರಶ್ನೆ ಕಾನೂನಿನ ಪ್ರಶ್ನೆ ಆಗಿರಲೇ ಇಲ್ಲ. ಧಾರವಾಡದ ಕ್ಯಾಂಪಸ್ ಗುಡ್ಡದ ಮೇಲೆ, ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆಯದೂ ಗುಡ್ಡದ ಮೇಲೆ. ಮೈಸೂರಿನ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ಒಂದು ವಿಭಾಗದಿಂದ ಇನ್ನೊಂದಕ್ಕೆ ನಡೆದೇ ಸುಸ್ತಾಗಬೇಕು. ಮಳೆನೀರು ಒಳಗೆ ಬಾರದಿರಲೆಂದು ಎತ್ತರದ ಅಡಿಪಾಯ, ಗಾಂಭೀರ್ಯಕ್ಕೆಂದು ಅಗಲ ಮೆಟ್ಟಿಲು. ಕಟ್ಟಿದವರ ಮನಸ್ಸಿನಲ್ಲಿದ್ದ ವಿದ್ಯಾರ್ಥಿಗೆ ಎರಡೂ ಕಾಲು ಗಟ್ಟಿ ಇದ್ದವು, ಅಷ್ಟೆ.

1995ರ ಅಂಗವಿಕಲರ ಕಾಯ್ದೆ ಸರ್ಕಾರದ ಮತ್ತು ಅನುದಾನಿತ ವಿದ್ಯಾಸಂಸ್ಥೆಗಳಲ್ಲಿ ಶೇ 3ರಷ್ಟು ಸೀಟು ಮೀಸಲಿಟ್ಟಿತು. ಸೀಟಿನವರೆಗೆ ತಲುಪುವುದು ಹೇಗೆ ಎಂಬಲ್ಲಿ ಮಾತ್ರ ಅದರ ದನಿ ಇಳಿಯಿತು. ಕಟ್ಟಡಗಳಿಗೆ ರ‍್ಯಾಂಪ್, ಗಾಲಿಕುರ್ಚಿ ಹಿಡಿಸುವ ಶೌಚಾಲಯ ಎಲ್ಲವೂ ಅದರಲ್ಲಿವೆ. ಆದರೆ 'ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ'. ಈ ಮೂರು ಪದ ಬಳಸಿ ಎಷ್ಟು ಕಡತ ಮುಚ್ಚಬಹುದು ಎಂಬುದು ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಆ ಕಾಯ್ದೆಗಾಗಿ ಹೋರಾಡಿದವರಲ್ಲಿ ಮುಂಚೂಣಿಯಲ್ಲಿದ್ದ ಜಾವೇದ್ ಅಬಿದಿ ಸ್ವತಃ ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದವರು, ಅಮೆರಿಕದ ರೈಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು. ಕಟ್ಟಡದಿಂದ ಕಟ್ಟಡಕ್ಕೆ ನೆಲದಡಿಯ ಸುರಂಗ ಮಾರ್ಗಗಳಿರುವ ಕ್ಯಾಂಪಸ್ ಅದು. ಅಲ್ಲಿ ಯಾರ ಹಂಗೂ ಇಲ್ಲದೆ ಓಡಾಡಿದವರಿಗೆ ಇಲ್ಲಿನ ಮೆಟ್ಟಿಲು ಹೇಗೆ ಕಂಡಿರಬೇಡ! 2001ರಲ್ಲಿ ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಕುತುಬ್ ಮಿನಾರ್‌ನಂಥ ಸ್ಮಾರಕಗಳಿಗೆ ಅವಸರದಲ್ಲಿ ಮರದ ರ‍್ಯಾಂಪ್ ಜೋಡಿಸಲಾಯಿತು. ಬೇಕೆಂದರೆ ಆಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಬಂದವರು ಹಾಕಿಂಗ್ ಆಗಿರಬೇಕಿತ್ತು ಎಂಬುದಕ್ಕೂ.

2006ರಲ್ಲಿ ಅಬಿದಿಯವರ ಡಿಸೇಬಲ್ಡ್ ರೈಟ್ಸ್ ಗ್ರೂಪ್, ಕಾನೂನು ಕಾಲೇಜುಗಳಲ್ಲಿ ಮೀಸಲು ಸೀಟು ತುಂಬುತ್ತಿಲ್ಲ ಎಂದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು (ಈ ನುಡಿಗಟ್ಟೂ ಮೆಟ್ಟಿಲನ್ನು ಬಿಡುವುದಿಲ್ಲ ನೋಡಿ). ತೀರ್ಪು ಬಂದದ್ದು 2017ರ ಡಿಸೆಂಬರ್ 15ರಂದು. ಅಷ್ಟರಲ್ಲಿ ಕಾಯ್ದೆಯೇ ಬದಲಾಗಿತ್ತು. 2016ರ ಹೊಸ ಕಾಯ್ದೆ ಮೀಸಲಾತಿಯನ್ನು ಶೇ 5ಕ್ಕೆ ಏರಿಸಿತು, ಗುರುತಿಸಿದ ವೈಕಲ್ಯಗಳನ್ನು 7ರಿಂದ 21ಕ್ಕೆ ಹೆಚ್ಚಿಸಿತು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಪ್ರಕಟವಾದ ಐದು ವರ್ಷದೊಳಗೆ ಸರಿಪಡಿಸಬೇಕೆಂದಿತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ರ ಜೂನ್‌ಗೆ ಮುಗಿಯಿತು. ಅದೇ ವರ್ಷ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು.

ನಿಜವಾಗಿ ರ‍್ಯಾಂಪುಗಳನ್ನು ಹುಟ್ಟಿಸಿದ್ದು ನ್ಯಾಕ್. ಕಾಲೇಜು, ವಿಶ್ವವಿದ್ಯಾಲಯಗಳಿಗೆ ಗ್ರೇಡ್ ಕೊಡುವ, ಬೆಂಗಳೂರಿನ ನಾಗರಬಾವಿಯಲ್ಲಿರುವ ಈ ಮೌಲ್ಯಾಂಕನ ಸಂಸ್ಥೆ ತನ್ನ ಏಳನೇ ಮಾನದಂಡದಡಿ ರ‍್ಯಾಂಪ್ ಅಥವಾ ಲಿಫ್ಟ್, ಶೌಚಾಲಯ, ಫಲಕ, ಸ್ಪರ್ಶಪಥ (ಕಾಣದವರು ಕಾಲಿನಿಂದ, ಕೋಲಿನಿಂದ ದಾರಿ ತಿಳಿಯುವ ಉಬ್ಬು ಪಟ್ಟಿ) ಇತ್ಯಾದಿಗಳಲ್ಲಿ ಎಷ್ಟಿವೆ ಎಂದು ಕೇಳತೊಡಗಿತು. ಪುರಾವೆಗೆ ಜಿಯೋಟ್ಯಾಗ್ ಮಾಡಿದ, ಅಂದರೆ ತೆಗೆದ ಜಾಗ ದಾಖಲಾದ ಫೋಟೊ. ಕೇಳಿದ್ದು ಒಳ್ಳೆಯದೇ. ಕೋರ್ಟು, ಕಾಯ್ದೆ ಅಲುಗಿಸದ ಸಿಮೆಂಟು ಮೂಟೆಯನ್ನು ಗ್ರೇಡ್ ಅಲುಗಿಸಿತು. ತೊಡಕೆಂದರೆ, ರ‍್ಯಾಂಪ್ ಎಲ್ಲಿದೆ ಎಂಬುದನ್ನು ಫೋಟೊ ಹೇಳುತ್ತದೆ, ಹತ್ತಬಹುದೇ ಎಂಬುದನ್ನಲ್ಲ.

ಲೆಕ್ಕ ಸರಳ. ಒಂದಡಿ ಏರಲು ಕನಿಷ್ಠ 12 ಅಡಿ ಉದ್ದ ಬೇಕು. ಅರ್ಧರ್ಧ ಅಡಿಯ ಆರು ಮೆಟ್ಟಿಲಿದ್ದರೆ ಮೂರಡಿ ಎತ್ತರ; ರ‍್ಯಾಂಪ್ 36 ಅಡಿ ಆಗಬೇಕು, ಎರಡೂ ಬದಿ ಹಿಡಿಕೆ, ತಿರುಗಲು ತುದಿಯಲ್ಲಿ ಸಮತಟ್ಟು ಜಾಗ. ನಾನು ಅಳೆದ ಒಂದು ವಿಭಾಗದ ರ‍್ಯಾಂಪ್ 11 ಅಡಿ ಇತ್ತು. ಅಂದಕ್ಕೆಂದು ಮೇಲೆ ಪಾಲಿಶ್ ಗ್ರಾನೈಟ್. ಮಳೆಗಾಲದಲ್ಲಿ ಅದರ ಮೇಲೆ ಊರುಗೋಲು ಇಟ್ಟು ನೋಡಬೇಕು. ಬೈಕು ಹತ್ತದಿರಲೆಂದು ಅಡ್ಡ ಸರಪಳಿ, ಸರಪಳಿಗೆ ಬೀಗ. ಒಳಗೆ ಲಿಫ್ಟ್ ಉಂಟು. ಕೀ ಅಟೆಂಡರ್ ಹತ್ತಿರ, ಅಟೆಂಡರ್ ಊಟಕ್ಕೆ. ಗಾಲಿಕುರ್ಚಿಯ ಗುರುತಿದ್ದ ಶೌಚಾಲಯದಲ್ಲಿ ಹಳೆಯ ಉತ್ತರ ಪತ್ರಿಕೆಗಳ ಗಂಟು. ಇದಕ್ಕೆ ಹೊಣೆ ಯಾರೆಂದರೆ ಎಂಜಿನಿಯರು ಜಾಗ ಸಾಲಲಿಲ್ಲ ಎನ್ನುತ್ತಾರೆ, ಗುತ್ತಿಗೆದಾರ ಎಸ್ಟಿಮೇಟ್ ತೋರಿಸುತ್ತಾನೆ, ವಿಭಾಗದವರು ಸ್ಟೋರ್ ರೂಮ್ ಎಲ್ಲಿದೆ ಎಂದು ಕೇಳುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ.

ಗೆಳೆಯನನ್ನು ಬೆನ್ನ ಮೇಲೆ ಹೊತ್ತು ತರಗತಿಗೆ ಒಯ್ಯುವ ಹುಡುಗರ ಫೋಟೊ ಪತ್ರಿಕೆಯಲ್ಲಿ ಬಂದಾಗ ನಮಗೆಲ್ಲ ಕಣ್ಣು ತುಂಬುತ್ತದೆ. ಆ ಜಾಗದಲ್ಲಿ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಆಕೆ ಬೆಳಿಗ್ಗೆಯಿಂದ ಹಾಸ್ಟೆಲ್‌ಗೆ ಮರಳುವವರೆಗೆ ನೀರು ಕುಡಿಯದೆ ಇರುವುದನ್ನು ಯಾರೂ ಫೋಟೊ ತೆಗೆಯಲಾರರು.

2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ ಗಂಟಿನ ತುದಿ ಹಿಡಿಯಿತು. ಕಾಯ್ದೆ 'ಮಾಡಲೇಬೇಕು' ಎನ್ನುತ್ತದೆ, ಅದರಡಿಯ 15ನೇ ನಿಯಮ ಬೊಟ್ಟುಮಾಡುವ ಮಾರ್ಗಸೂಚಿಗಳು 'ಮಾಡಿದರೆ ಒಳ್ಳೆಯದು' ಎನ್ನುತ್ತವೆ. ಆ ನಿಯಮ ಕಾಯ್ದೆಗೇ ವಿರುದ್ಧ ಎಂದಿತು. ಕಡ್ಡಾಯವಾದ ಕನಿಷ್ಠ ಮಾನದಂಡ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು. ಅಲ್ಲಿಗೆ 1995ರಿಂದ 29 ವರ್ಷ. ಈ ಅವಧಿಯಲ್ಲಿ ಅಂಗವಿಕಲ ಎಂಬುದು ವಿಕಲಚೇತನ ಆಯಿತು, ವಿಶೇಷಚೇತನ ಆಯಿತು, ದಿವ್ಯಾಂಗ ಆಯಿತು. ಬಾಗಿಲಿಗಿಂತ ಬೇಗ ಹೆಸರುಗಳು ಅಗಲವಾದವು.

ಆ 11 ಅಡಿ ರ‍್ಯಾಂಪ್ ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿದಿದ್ದವನು ಅಲ್ಲಿಯೇ ಎಂಎ ಓದುತ್ತಿದ್ದ, ಪೋಲಿಯೊದಿಂದ ಕಾಲು ಸೋತ ಹುಡುಗ. ಸರ್ಕಾರ ಕೊಟ್ಟ, ಹಿಂದೆ ಎರಡು ಚಕ್ರ ಜೋಡಿಸಿದ ಸ್ಕೂಟರ್ ಅವನನ್ನು ಪೋರ್ಟಿಕೊವರೆಗೆ ತರುತ್ತದೆ, ಮುಂದೆ ಊರುಗೋಲು. ಕ್ಯಾಂಪಸ್ಸಿನ ನಕ್ಷೆ ಅವನ ತಲೆಯಲ್ಲಿ ಅಂಕಿಗಳಲ್ಲಿತ್ತು. "ಲೈಬ್ರರಿ 14 ಸರ್. ಪರೀಕ್ಷಾ ವಿಭಾಗ 9, ಆಮೇಲೆ ಮಹಡಿಗೆ 22. ಬ್ಯಾಂಕ್ ಎರಡೇ, ಆದರೆ ಹಿಡ್ಕೊಳ್ಳೋಕೆ ಏನೂ ಇಲ್ಲ. ಇಂಗ್ಲಿಷ್ ತಗೋಬೇಕು ಅಂತಿದ್ದೆ, ಅದು ಮೇಲೆ." ಗೇಟಿನ ಪಕ್ಕದ ಚಹಾದ ಗೂಡಂಗಡಿ ಎಷ್ಟು ಎಂದು ಕೇಳಿದೆ. ಸೊನ್ನೆ ಎಂದ. ಉಳಿದ ಮಾತೆಲ್ಲ ನಾವು ಅಲ್ಲೇ ಕೂತು ಆಡಿದೆವು.