ಮುಂಡರಗಿ: ಅಳಿಸಿದ ಗಡಿ ಮತ್ತೆ ಮೂಡಿದ ಬಗೆ

ಕೊರ್ಲಹಳ್ಳಿಯ ಸೇತುವೆ ದಾಟಿದರೆ ಮದಲಗಟ್ಟಿ. ತುಂಗಭದ್ರೆಯ ಈ ದಂಡೆ ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕು, ಆ ದಂಡೆ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕು. ಮುಂಡರಗಿಯಿಂದ ಮೂಡಣಕ್ಕೆ ಹೊರಟರೆ ಅಳವಂಡಿ, ಅದು ಕೊಪ್ಪಳ. ಮೂರೂ ಕಡೆ ಅದೇ ಜೋಳ, ಅದೇ ಉಳ್ಳಾಗಡ್ಡಿ. ಹೆಣ್ಣು ಕೊಟ್ಟು ತಂದ ಬೀಗರು ಮೂರೂ ಕಡೆ ಇದ್ದಾರೆ. ಆದರೆ ಸರ್ಕಾರಿ ನೌಕರಿಗೆ ಅರ್ಜಿ ಕರೆದ ದಿನ ಈ ಮೂರು ಊರಿನ ಹುಡುಗರು ಬೇರೆಬೇರೆ ಪಟ್ಟಿ ನೋಡುತ್ತಾರೆ. ಅಧಿಸೂಚನೆಯಲ್ಲಿ ‘ಕಲ್ಯಾಣ ಕರ್ನಾಟಕ ಸ್ಥಳೀಯ ವೃಂದ’ ಒಂದು ಕೋಷ್ಟಕ, ಅಂದರೆ ಹಿಂದೆ ಹೈದರಾಬಾದ್ ಕರ್ನಾಟಕ ಅನ್ನುತ್ತಿದ್ದ ಭಾಗದ ಹುದ್ದೆಗಳು, ಹೆಚ್ಚಿನವು ಅಲ್ಲಿನವರಿಗೇ ಮೀಸಲು; ‘ಉಳಿಕೆ ಮೂಲ ವೃಂದ’ ಇನ್ನೊಂದು, ರಾಜ್ಯದ ಉಳಿದ ಭಾಗದ್ದು. ಅಳವಂಡಿ, ಹಡಗಲಿಯವರದು ಮೊದಲನೆಯದು. ಮುಂಡರಗಿಯವರು ‘ಉಳಿಕೆ’.

ಈ ಗೆರೆ ಯಾರೋ ಮೊನ್ನೆ ಎಳೆದದ್ದಲ್ಲ.

ಮುಂಡರಗಿ ಇವತ್ತು ರಾಜ್ಯದ ನಡುಮಧ್ಯದ ಊರು. ಸುಮಾರು ಒಂದೂವರೆ ಶತಮಾನ ಅದು ಗಡಿಯೂರಾಗಿತ್ತು, ಅದೂ ಮೂರು ರಾಜ್ಯಗಳ ಗಡಿಗೆ. ಟಿಪ್ಪು ಬಿದ್ದ ಮೇಲೆ ನಿಜಾಮನಿಗೆ ಸಿಕ್ಕ ಬಳ್ಳಾರಿ ಸೀಮೆಯನ್ನು ಅವನು 1800ರಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಹೊಳೆಯಾಚೆಯ ಹಡಗಲಿ ಹಾಗೆ ಮದ್ರಾಸಿಗೆ ಸೇರಿತು. ಪೇಶ್ವೆ ಸೋತ ಮೇಲೆ ಧಾರವಾಡ ಸೀಮೆ ಮುಂಬಯಿ ಪ್ರಾಂತ್ಯದ ಪಾಲಾಯಿತು, ಅದರೊಳಗೆ ಮುಂಡರಗಿ. ಮೂಡಣದ ಕೊಪ್ಪಳ ನಿಜಾಮನ ರಾಜ್ಯದಲ್ಲೇ ಉಳಿಯಿತು, ಅದೂ ಸಾಲಾರ್ ಜಂಗ್ ಮನೆತನದ ಜಹಗೀರಾಗಿ. ನಮ್ಮ ಕಡೆಯ ಹಿರಿಯರು ಆ ಸೀಮೆಗೆ ‘ಮೊಗಲಾಯಿ’ ಅನ್ನುತ್ತಿದ್ದರು.

1858ರ ಬಂಡಾಯವನ್ನು ಈ ಗಡಿಯ ಕಣ್ಣಿನಿಂದ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಮುಂಡರಗಿ ಭೀಮರಾಯ ಬಳ್ಳಾರಿ ಸೀಮೆಯಲ್ಲಿ ಕಂಪನಿ ಸರ್ಕಾರದ ಅಧಿಕಾರಿಯಾಗಿದ್ದು ನೌಕರಿ ಕಳೆದುಕೊಂಡವನು. ಆಯುಧ ಒಪ್ಪಿಸಬೇಕೆಂಬ ಕಾಯ್ದೆ ಬಂದಾಗ ಹಮ್ಮಿಗಿಯ ಕೆಂಚನಗೌಡನ ಜೊತೆ ಸೇರಿ ತಿರುಗಿಬಿದ್ದ. ಮೇ ತಿಂಗಳಲ್ಲಿ ಡಂಬಳದ ಖಜಾನೆ ಹೊಡೆದು, ಗಡಿ ದಾಟಿ ಕೊಪ್ಪಳದ ಕೋಟೆ ಹಿಡಿದ. ಇಂಗ್ಲಿಷ್ ಪಡೆ ಬೆನ್ನಟ್ಟಿ ಬಂತು. ಜೂನ್ 1ರಂದು ಕೋಟೆ ಬಿತ್ತು, ಇಬ್ಬರೂ ಮಡಿದರು. ದುಡಿದದ್ದು ಮದ್ರಾಸಿನಲ್ಲಿ, ಮನೆ ಮುಂಬಯಿಯಲ್ಲಿ, ಸಾವು ನಿಜಾಮನ ನೆಲದಲ್ಲಿ. ಕುದುರೆಯ ಮೇಲೆ ಇವೆಲ್ಲ ಒಂದೆರಡು ದಿನದ ಹಾದಿ.

ಗಡಿಯ ನಿಜವಾದ ಪೆಟ್ಟು ಬಿದ್ದದ್ದು ಶಾಲೆಗಳ ಮೇಲೆ. ಗದಗ ಸೀಮೆಯಲ್ಲಿ ಕನ್ನಡ ಶಾಲೆಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಬೇರುಬಿಟ್ಟವು. ಕನ್ನಡ ಶಾಲೆಗಳಿಗಾಗಿ ದುಡಿದ ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರ ಕೆಲಸ, 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರ ಕರ್ನಾಟಕ ಕಾಲೇಜು, ಎಲ್ಲವೂ ಧಾರವಾಡದವು. 1905ರಲ್ಲಿ ಗದಗ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ರೈತನಿಗೆ ಸಾವುಕಾರನನ್ನು ಬಿಟ್ಟು ಇನ್ನೊಂದು ಬಾಗಿಲು ಸಿಕ್ಕಿತು. ಕೊಪ್ಪಳದಲ್ಲಿ ಕಚೇರಿ ಉರ್ದು, ಮೇಲಿನ ಓದು ಉರ್ದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂದರೂ ಕಲಿಸಿದ್ದು ಉರ್ದುವಿನಲ್ಲೇ. ಕನ್ನಡದಲ್ಲಿ ಮುಂದೆ ಓದಬೇಕೆಂದವನು ಗದಗಿಗೋ ಧಾರವಾಡಕ್ಕೋ ಬರಬೇಕಿತ್ತು. ಇದನ್ನು ನಾವು ಗದಗಿನವರು ಮರೆಯಬಾರದು. ಇವತ್ತು ಕೊಪ್ಪಳದವರಿಗೆ ಸಿಗುತ್ತಿರುವುದನ್ನು ಪುಕ್ಕಟೆ ಅನ್ನುವ ಮೊದಲು ಆ ಕಾಲದ ಲೆಕ್ಕವನ್ನೂ ತೆಗೆದು ನೋಡಬೇಕು. ಗಡಿಯಲ್ಲಿ ನಿಜಾಮನ ಕರೋಡಗಿರಿ ನಾಕೆಗಳಿದ್ದವು, ಅಂದರೆ ಸುಂಕದ ಕಟ್ಟೆಗಳು; ಅತ್ತ ನಿಜಾಮನ ನಾಣ್ಯವಾದ ಹಾಲಿ ಸಿಕ್ಕ ರೂಪಾಯಿ, ಇತ್ತ ಇಂಗ್ಲಿಷ್ ರೂಪಾಯಿ. ಸಂತೆಗೆ ಹೋದವನೂ ಪರರಾಜ್ಯಕ್ಕೆ ಹೋದಂತೆಯೇ.

1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು, ಅಳವಂಡಿಗೆ ಬರಲಿಲ್ಲ. ನಿಜಾಮ ಭಾರತ ಸೇರಲು ಒಪ್ಪಲಿಲ್ಲ, ನಿಜಾಮನ ಪರವಾಗಿ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿ ಹೆಚ್ಚಿತು. ಆಗ ಗಡಿಯ ಈಚೆ ಹೋರಾಟಗಾರರ ಶಿಬಿರಗಳು ಎದ್ದವು. ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳು, ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿ. ಸ್ವಾಮಿಗಳ ಸ್ವಂತ ಊರು ಗಡಿಯಾಚೆ, ಹೋರಾಟದ ನೆಲೆ ಗಡಿಯೀಚೆ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಶರಣಾಗುವವರೆಗೆ ಕೊಪ್ಪಳ ಸೀಮೆಯ ಹೋರಾಟಕ್ಕೆ ಆಸರೆ ಕೊಟ್ಟ ಊರುಗಳಲ್ಲಿ ಮುಂಡರಗಿಯೂ ಒಂದು. ‘ಹೈದರಾಬಾದ್ ಕರ್ನಾಟಕ’ ಎಂಬ ಪಟ್ಟಿಯಿಂದ ಮುಂಡರಗಿ ಹೊರಗುಳಿದದ್ದು ಇಲ್ಲಿನವರಿಗೆ ಚುಚ್ಚುವುದು ಈ ನೆನಪಿನಿಂದಲೂ ಹೌದು.

ಮುಂದಿನದು ಬೇಗ ಆಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಬಂತು. 1956ರ ನವೆಂಬರ್ 1ರಂದು ಉಳಿದ ಎರಡೂ ಸೇರಿದವು. ನಾಕೆ ಹೋಯಿತು, ಗಡಿಕಲ್ಲಿಗೆ ಅರ್ಥ ಉಳಿಯಲಿಲ್ಲ. ಉಳಿದದ್ದು ಒಂದೇ, ಕಂದಾಯ ವಿಭಾಗ: ಗದಗ ಬೆಳಗಾವಿ ವಿಭಾಗಕ್ಕೆ, ಕೊಪ್ಪಳ ಗುಲ್ಬರ್ಗಾ ವಿಭಾಗಕ್ಕೆ. ಕಡತದ ಈ ಗೆರೆಯನ್ನು ಆಗ ಯಾರೂ ಲೆಕ್ಕಕ್ಕಿಡಲಿಲ್ಲ.

ಹಿಂದುಳಿದವರಿಗೆ ವಿಶೇಷ ಸ್ಥಾನ ಬೇಕೆಂಬ ಕೂಗು ಕಲಬುರಗಿ ಕಡೆ ದಶಕಗಳ ಹಿಂದೆಯೇ ಎದ್ದಿತ್ತು. ತೆಲಂಗಾಣ ಚಳವಳಿಯ ನಂತರ ಆಂಧ್ರಕ್ಕೆ ಸ್ಥಳೀಯರಿಗೆ ಓದು, ನೌಕರಿಯಲ್ಲಿ ಪಾಲು ಕೊಡುವ ಸಂವಿಧಾನದ 371(ಡಿ) ವಿಧಿ ಸಿಕ್ಕಿತು. ಅದೇ ನಿಜಾಮನ ರಾಜ್ಯದ ಕನ್ನಡ ಭಾಗಕ್ಕೆ ಏಕಿಲ್ಲ ಎಂದು ಆ ಭಾಗದ ಹೋರಾಟಗಾರ, ರಾಜಕಾರಣಿ ವೈಜನಾಥ ಪಾಟೀಲರು ಕೇಳುತ್ತಲೇ ಬಂದರು. ಕೊನೆಗೆ ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ಬಂದು, 2013ರಲ್ಲಿ ಜಾರಿಯಾಯಿತು. ಆ ಭಾಗದ ಕಚೇರಿಗಳಲ್ಲಿ ‘ಸಿ’ ವೃಂದದ ಹುದ್ದೆಗಳಲ್ಲಿ ಶೇ 80, ‘ಡಿ’ ವೃಂದದಲ್ಲಿ ಶೇ 85 ಸ್ಥಳೀಯರಿಗೆ. ಅಲ್ಲಿನ ಕಾಲೇಜುಗಳಲ್ಲಿ ಶೇ 70 ಸೀಟು, ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲಿ ಶೇ 8. ಜೊತೆಗೊಂದು ಅಭಿವೃದ್ಧಿ ಮಂಡಳಿ. ಅದರ ಅನುದಾನ 2023-24ರ ಬಜೆಟ್ಟಿಗೆ 5,000 ಕೋಟಿ ಮುಟ್ಟಿತು.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಸರಿ, ಅವು ನಿಜಾಮನವು. ಬಳ್ಳಾರಿ? ಅದು ನಿಜಾಮನ ಕೈಬಿಟ್ಟು ಇನ್ನೂರು ವರ್ಷ ದಾಟಿತ್ತು. ಇತಿಹಾಸದ ಗಡಿಯನ್ನೇ ಹಿಡಿದಿದ್ದರೆ ಬಳ್ಳಾರಿ ಹೊರಗಿರಬೇಕಿತ್ತು. ಕೊನೆಗೆ ಎಳೆದ ಗೆರೆ ಹೊಂದಿಕೊಂಡದ್ದು ಗುಲ್ಬರ್ಗಾ ಕಂದಾಯ ವಿಭಾಗಕ್ಕೆ. ಹರಪನಹಳ್ಳಿಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಬಳ್ಳಾರಿಯಲ್ಲಿದ್ದ ಆ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿತ್ತು. 2013ರಲ್ಲಿ ಸೌಲಭ್ಯ ತಪ್ಪಿತು. ಹೋರಾಡಿ, ಮರಳಿ ಬಳ್ಳಾರಿಗೆ ಸೇರಿ ಅದನ್ನು ಪಡೆಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಮುಂಡರಗಿಗೆ ಆ ದಾರಿಯೂ ಇಲ್ಲ. ಅದು ಎಂದೂ ಆ ಕಡೆಯ ಜಿಲ್ಲೆಯಲ್ಲಿರಲಿಲ್ಲ.

ಕೊಪ್ಪಳದಲ್ಲಿ ರೂಮು ಮಾಡಿಕೊಂಡರೆ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅಲ್ಲೇ ಹುಟ್ಟಿರಬೇಕು, ಇಲ್ಲವೇ 2013ರ ಜನವರಿ 1ಕ್ಕೆ ಮುಂಚೆ ಹತ್ತು ವರ್ಷ ವಾಸವಿರಬೇಕು. ಅದಕ್ಕೆ ಉಪವಿಭಾಗಾಧಿಕಾರಿಯ ಪ್ರಮಾಣಪತ್ರ ಬೇಕು. ಇನ್ನೊಂದು ಸಂಕಟ ಕೋಚಿಂಗ್ ಕ್ಲಾಸುಗಳಲ್ಲಿ ದಿನಾ ಚರ್ಚೆಯಾಗುವಂಥದ್ದು: ಸ್ಥಳೀಯ ವೃಂದದ ಅಭ್ಯರ್ಥಿ ಮೆರಿಟ್ ಮೇಲೆ ಉಳಿಕೆ ವೃಂದದ ಹುದ್ದೆಗೂ ಬರಬಹುದೇ, ಬಂದರೆ ಯಾವ ಪಟ್ಟಿ ಮೊದಲು ತಯಾರಾಗಬೇಕು? ಸರ್ಕಾರದ ಸುತ್ತೋಲೆಗಳು ಬದಲಾಗುತ್ತ ಬಂದಿವೆ, ವ್ಯಾಜ್ಯಗಳು ಕೆಎಟಿ, ಅಂದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿಯ, ಮೆಟ್ಟಿಲು ಹತ್ತಿವೆ. ಮುಂಡರಗಿಯ ಹುಡುಗನಿಗೆ ಅಲ್ಲಿ ಬಾಗಿಲು ಕಿರಿದು, ಇಲ್ಲಿ ಸ್ಪರ್ಧೆ ಇಮ್ಮಡಿ.

ನನ್ನ ಮಟ್ಟಿಗೆ ತಪ್ಪು ಇರುವುದು ಕೊಪ್ಪಳಕ್ಕೆ ಕೊಟ್ಟದ್ದರಲ್ಲಿ ಅಲ್ಲ, ಅಳತೆಗೋಲಿನಲ್ಲಿ. 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ತಾಲ್ಲೂಕು ತಾಲ್ಲೂಕನ್ನೇ ಅಳೆದಿತ್ತು. ಹಿಂದುಳಿದ 114 ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು, ಅವುಗಳಲ್ಲಿ 21 ಗುಲ್ಬರ್ಗಾ ವಿಭಾಗದವು. ಹೆಚ್ಚಿನ ಹಸಿವು ಎಲ್ಲಿದೆ ಎಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ. ಹಸಿವು ಗೆರೆಯೀಚೆಯೂ ಇದೆ ಎಂಬುದಕ್ಕೂ. ಹತ್ತೇ ವರ್ಷದಲ್ಲಿ 371(ಜೆ) ಬಂದಾಗ ತಾಲ್ಲೂಕಿನ ಅಳತೆ ಬದಿಗೆ ಸರಿದು ಜಿಲ್ಲೆಯ ಗೆರೆ ಮುಂದೆ ಬಂತು. 2021ರಲ್ಲಿ ಮುಂಬಯಿ ಕರ್ನಾಟಕಕ್ಕೆ ‘ಕಿತ್ತೂರು ಕರ್ನಾಟಕ’ ಎಂದು ಹೆಸರಿಟ್ಟರು. ಹೆಸರಿನ ಜೊತೆ ನೌಕರಿಯ ಪಾಲೇನೂ ಬರಲಿಲ್ಲ.

ಹೊಳೆಯ ನೀರಿನ ವಿಷಯದಲ್ಲಿ ಮಾತ್ರ ಸರ್ಕಾರ ಬೇರೆ ರೀತಿ ಯೋಚಿಸಿತು. ಹಮ್ಮಿಗಿಯಲ್ಲಿ ಬ್ಯಾರೇಜು ಕಟ್ಟಿದ ಸಿಂಗಟಾಲೂರು ಏತ ನೀರಾವರಿಯನ್ನು ಗದಗ, ಕೊಪ್ಪಳ, ಬಳ್ಳಾರಿ ಮೂರಕ್ಕೂ ಸೇರಿಸಿಯೇ ರೂಪಿಸಿದರು. ಕಾಲುವೆ ಎಲ್ಲಿಗೆ ಹೋಗಬೇಕೆಂಬುದನ್ನು ನೆಲದ ಏರಿಳಿತ ತೀರ್ಮಾನಿಸಿತು, ಹಳೇ ಸಂಸ್ಥಾನಗಳಲ್ಲ. ಹೊಲಗಳಿಗೆ ನೀರು ಪೂರ್ತಿ ಮುಟ್ಟಿಲ್ಲವೆಂಬ ದೂರು ಬೇರೆ, ಅದೂ ಮೂರು ಜಿಲ್ಲೆಗೂ ಒಂದೇ.

ಪ್ರಾದೇಶಿಕ ಅಸಮತೋಲನ ಅಳೆಯಲು ಸರ್ಕಾರ 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಮಾಡಿತು. ಮುಂಡರಗಿಯವರು ಕೇಳಬೇಕಾದದ್ದು 371(ಜೆ)ಯಲ್ಲಿ ಪಾಲಲ್ಲ; ಅದಕ್ಕೆ ಕೇಂದ್ರದ ಒಪ್ಪಿಗೆ ಬೇಕು, ಕೊಪ್ಪಳದವರ ಮುನಿಸೂ ಬೆನ್ನಿಗೆ ಬರುತ್ತದೆ. ಕಂದಾಯ ವಿಭಾಗ ಯಾವುದೇ ಇರಲಿ, ಹಿಂದುಳಿದ ತಾಲ್ಲೂಕಿಗೆ ಹಿಂದುಳಿದಷ್ಟೇ ಅನುದಾನ, ಹಾಸ್ಟೆಲು, ಪದವಿ ಕಾಲೇಜಿಗೆ ಕಾಯಂ ಉಪನ್ಯಾಸಕರು: ಇಷ್ಟನ್ನು ಕೊಡಲು ಬೆಂಗಳೂರಿನ ಬಜೆಟ್ ಸಾಕು, ಸಂವಿಧಾನ ತಿದ್ದಬೇಕಾಗಿಲ್ಲ.