‘ಹಾರ್ಡ್’ ಅಂದ್ರೆ ಕಷ್ಟಪಟ್ಟು, ‘ಹಾರ್ಡ್ಲಿ’ ಅಂದ್ರೆ?

ಓದುಗರ ಪ್ರಶ್ನೆ: ಕೆಲಸದ ಅರ್ಜಿಯಲ್ಲಿ ‘ಐ ವರ್ಕ್ ಹಾರ್ಡ್ಲಿ’ ಅಂತ ಬರೆದಿದ್ದೆ. ಗೆಳೆಯ ಓದಿ ನಕ್ಕ. ‘ಸ್ಲೋ’ಗೆ ‘ಸ್ಲೋಲಿ’ ಆಗೋದಾದರೆ ‘ಹಾರ್ಡ್’ಗೆ ‘ಹಾರ್ಡ್ಲಿ’ ಯಾಕಾಗಬಾರದು?

ಉತ್ತರ: ‘ನಾನು ಕೆಲಸ ಮಾಡೋದೇ ಅಪರೂಪ’ ಅಂತ ಬರೆದುಕೊಟ್ಟರೆ ಯಾರಾದರೂ ನಗುತ್ತಾರೆ! ಅರ್ಜಿ ಇನ್ನೂ ಕಳಿಸಿಲ್ಲ ತಾನೇ? ‘ಐ ವರ್ಕ್ ಹಾರ್ಡ್’ ಅಂದರೆ ಸಾಕು. ‘ಫಾಸ್ಟ್’ ಕೂಡ ಹೀಗೇ. ‘ಹಿ ರನ್ಸ್ ಫಾಸ್ಟ್’ ಅನ್ನುತ್ತಾರೆ, ‘ಫಾಸ್ಟ್ಲಿ’ ಅನ್ನುವುದಿಲ್ಲ.

ನಿಜ ಹೇಳಬೇಕಂದ್ರೆ ‘ಹಾರ್ಡ್ಲಿ’ಯ ಸರಿಯಾದ ಬಳಕೆ ನಿಮಗೆ ಗೊತ್ತೇ ಇದೆ. ‘ಬಸ್‌ ಸ್ಟ್ಯಾಂಡ್‌ಗೆ ಇಲ್ಲಿಂದ ಹಾರ್ಡ್ಲಿ ಹತ್ತು ನಿಮಿಷ’ ಅಂತ ಕನ್ನಡದ ನಡುವೆಯೇ ಹೇಳುತ್ತೇವೆ, ಅಲ್ವಾ? ಹತ್ತು ನಿಮಿಷ ಕಷ್ಟಪಟ್ಟು ನಡೆಯಬೇಕು ಅಂತ ಯಾರೂ ತಿಳಿಯುವುದಿಲ್ಲ. ಹತ್ತು ನಿಮಿಷ ಆದರೆ ಅದೇ ಜಾಸ್ತಿ ಅಂತಲೇ ಅರ್ಥ.

ಹಾಗಂತ ನಿಮ್ಮ ಲೆಕ್ಕ ಪೂರ್ತಿ ತಪ್ಪಲ್ಲ. ಒಂದು ಕಾಲಕ್ಕೆ ಈ ಪದಕ್ಕೆ ‘ಕಷ್ಟದಿಂದ’ ಎಂಬ ಅರ್ಥವೂ ಇತ್ತು. 1611ರ ಕಿಂಗ್ ಜೇಮ್ಸ್ ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ, ಸೂಜಿಯ ಕಣ್ಣಿನಲ್ಲಿ ಒಂಟೆ ನುಗ್ಗುವ ಮಾತಿಗೆ ಸ್ವಲ್ಪ ಮುಂಚೆ, ಐಶ್ವರ್ಯವಂತ ಪರಲೋಕ ರಾಜ್ಯವನ್ನು ‘ಹಾರ್ಡ್ಲಿ’ ಸೇರುತ್ತಾನೆ ಎಂದಿದೆ. ಸೇರೋದು ಕಷ್ಟ ಅಂತ. ಕಷ್ಟದ ಕೆಲಸ ನಡೆಯೋದೂ ಅಪರೂಪ ನೋಡಿ, ಅರ್ಥ ನಿಧಾನವಾಗಿ ಆ ಕಡೆಗೆ ಜಾರಿತು.

ನಾವು ಜಾಸ್ತಿ ಎಡವುವುದು ಬೇರೆ ಕಡೆ. ‘ಹಾರ್ಡ್ಲಿ’ಯ ಒಳಗೇ ಅರ್ಧ ‘ಇಲ್ಲ’ ಇದೆ. ಫೋನಿನಲ್ಲಿ ‘ನೀವು ಹೇಳೋದು ಸರಿಯಾಗಿ ಕೇಳಿಸ್ತಾನೇ ಇಲ್ಲ’ ಅನ್ನುವಾಗ ನಮ್ಮ ‘ಇಲ್ಲ’ ಕೊನೆಯಲ್ಲಿ ಬರುತ್ತದೆ. ಅದೇ ಅಭ್ಯಾಸದಲ್ಲಿ ‘ಐ ಕಾಂಟ್ ಹಾರ್ಡ್ಲಿ ಹಿಯರ್ ಯು’ ಅಂದುಬಿಡುತ್ತೇವೆ. ‘ಐ ಕ್ಯಾನ್ ಹಾರ್ಡ್ಲಿ ಹಿಯರ್ ಯು’ ಸರಿ. ‘ಹಿ ಹಾರ್ಡ್ಲಿ ಈಟ್ಸ್’ ಎಂದ ಮೇಲೂ ‘ಡಸ್ ಹಿ?’ ಅಂತಲೇ ಕೇಳಬೇಕು, ‘ಡಸಂಟ್ ಹಿ?’ ಅಂತಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇದನ್ನೂ ನೋಡಿಕೊಳ್ಳಿ: ‘ಹಾರ್ಡ್ಲಿ ಹ್ಯಾಡ್ ಐ ರೀಚ್ಡ್ ದ ಸ್ಟೇಷನ್ ವೆನ್ ದ ಟ್ರೇನ್ ಲೆಫ್ಟ್’. ನಾನು ಸ್ಟೇಷನ್ ತಲುಪಿದ್ದೇ ತಡ, ರೈಲು ಹೊರಟಿತು. ‘ಹಾರ್ಡ್ಲಿ’ ವಾಕ್ಯದ ಮೊದಲಿಗೆ ಬಂದರೆ ‘ಐ’ಗಿಂತ ಮುಂಚೆ ‘ಹ್ಯಾಡ್’ ಬರಬೇಕು. ‘ವೆನ್’ ಜಾಗದಲ್ಲಿ ‘ದ್ಯಾನ್’ ಹಾಕಿದರೆ ಅಂಕ ಹೋಗಬಹುದು. ಅದು ‘ನೋ ಸೂನರ್’ನ ಜೋಡಿ. ಮಾತಾಡುವಾಗ ಸುಮ್ನೆ ಇಷ್ಟೆಲ್ಲ ಕಸರತ್ತು ಬೇಡ, ‘ಆ್ಯಸ್ ಸೂನ್ ಆ್ಯಸ್’ ಸಾಕು.